ಮನೆಯಲ್ಲೇ ಕಾರಿಗೆ ಪಾಲಿಶ್ ಮತ್ತು ವ್ಯಾಕ್ಸ್: ಯಾವುದು ಮೊದಲು, ಎಷ್ಟು, ಎಲ್ಲಿಗೆ ನಿಲ್ಲಿಸಬೇಕು

ವ್ಯಾಕ್ಸ್ ಹಚ್ಚಿದರೂ ಗೀರುಗಳು ಹಾಗೇ ಉಳಿದವು. ಪಾಲಿಶ್ ಮಾಡಿ ಎರಡು ಸಲ ತೊಳೆಯುವಷ್ಟರಲ್ಲಿ ಹೊಳಪು ಹೋಯಿತು. ಕಪ್ಪು ಪ್ಲಾಸ್ಟಿಕ್ ಪಟ್ಟಿಯ ಅಂಚಿನಲ್ಲಿ ಕೂತ ಬಿಳಿ ಕಲೆ ಏನು ಮಾಡಿದರೂ ಹೋಗುತ್ತಿಲ್ಲ. ಮನೆಯಲ್ಲಿ ಕಾರಿಗೆ ಹೊಳಪು ಕೊಡಲು ಹೊರಟವರ ದೂರುಗಳು ಹೆಚ್ಚುಕಡಿಮೆ ಈ ಮೂರರ ಸುತ್ತಲೇ ತಿರುಗುತ್ತವೆ. ಬ್ರ್ಯಾಂಡ್ ಬದಲಿಸಿದರೆ ಇವು ಸರಿಹೋಗುವುದಿಲ್ಲ, ಯಾಕೆಂದರೆ ತಪ್ಪು ಡಬ್ಬಿಯಲ್ಲಿ ಇರುವುದಿಲ್ಲ. ಒಂದೋ ಕೆಲಸದ ಕ್ರಮ ಹಿಂದುಮುಂದಾಗಿರುತ್ತದೆ, ಇಲ್ಲವೇ ಹಚ್ಚಿದ್ದು ಅತಿಯಾಗಿರುತ್ತದೆ.

## ಎರಡು ಡಬ್ಬಿ, ಎರಡು ಬೇರೆ ಕೆಲಸ

ಪಾಲಿಶ್ ಸವೆಸುತ್ತದೆ, ವ್ಯಾಕ್ಸ್ ಮುಚ್ಚುತ್ತದೆ. ಪಾಲಿಶ್‌ನಲ್ಲಿ ಬಹಳ ನುಣ್ಣಗಿನ ಉಜ್ಜುಪುಡಿ ಇರುತ್ತದೆ. ಬಣ್ಣದ ಮೇಲಿರುವ ಪಾರದರ್ಶಕ ಪದರವನ್ನು, ಅಂದರೆ ಕ್ಲಿಯರ್ ಕೋಟನ್ನು, ಅದು ಚೂರುಚೂರೇ ತೇಯುತ್ತದೆ. ಗೀರು ಮಾಯವಾಗುವುದು ಅದು ತುಂಬಿಕೊಂಡಿದ್ದರಿಂದಲ್ಲ. ಸುತ್ತಲಿನ ಪದರ ಗೀರಿನ ತಳದ ಮಟ್ಟಕ್ಕೆ ಇಳಿದಿದ್ದರಿಂದ. ವ್ಯಾಕ್ಸ್ ಹಾಗಲ್ಲ, ಇದ್ದ ಮೇಲ್ಮೈಯನ್ನು ಇದ್ದಂತೆಯೇ ಮುಚ್ಚುತ್ತದೆ. ಕೆಳಗೆ ಗೀರಿದ್ದರೆ ಗೀರನ್ನು, ಕೊಳೆಯಿದ್ದರೆ ಕೊಳೆಯನ್ನು.

ಕ್ಲಿಯರ್ ಕೋಟಿನ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ಹೆಚ್ಚೆಂದರೆ ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗ. ಬಿಸಿಲಿನ ಅತಿನೇರಳೆ ಕಿರಣದಿಂದ ಬಣ್ಣವನ್ನು ಕಾಯುವುದೂ ಇದೇ ಪದರ. ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ವ್ಯಾಕ್ಸನ್ನು ವರ್ಷದಲ್ಲಿ ಎಷ್ಟು ಸಲ ಬೇಕಾದರೂ ಹಚ್ಚಿ, ಪಾಲಿಶ್ ಮಾತ್ರ ಕಣ್ಣಿಗೆ ಕಾರಣ ಕಂಡಾಗಷ್ಟೇ. ವರ್ಷಕ್ಕೊಮ್ಮೆ ವಾಡಿಕೆಯಂತೆ ಕಾಂಪೌಂಡ್ (ಪಾಲಿಶ್‌ಗಿಂತ ಒರಟಾದ ಉಜ್ಜುಲೇಪ) ಹಾಕಿಸುವುದು ಕಾರಿನ ಆಯುಷ್ಯವನ್ನು ಕೆರೆದು ತೆಗೆದಂತೆ.

ಮ್ಯಾಟ್ ಬಣ್ಣದ ಕಾರಿಗೆ ಮುಂದೆ ಹೇಳುವ ಯಾವುದೂ ಅನ್ವಯಿಸುವುದಿಲ್ಲ. ಪಾಲಿಶ್ ತಾಗಿದ ಕಡೆ ಅಲ್ಲಲ್ಲಿ ಹೊಳಪು ಮೂಡಿ ಶಾಶ್ವತವಾಗಿ ತೇಪೆಯಂತೆ ಕಾಣುತ್ತದೆ.

## ಏನು ಕೊಳ್ಳಬೇಕು

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ಹೆಸರನ್ನು ನಂಬಬೇಡಿ, ಹಿಂಬದಿಯ ಸಣ್ಣಕ್ಷರ ಓದಿ. "ಗೀರು ತೆಗೆಯುತ್ತದೆ", "ಮಂಕು ಬಣ್ಣಕ್ಕೆ ಮರುಹೊಳಪು" ಎಂದಿದ್ದರೆ ಅದರಲ್ಲಿ ಉಜ್ಜುಪುಡಿ ಇದೆ, ಹೆಸರು ವ್ಯಾಕ್ಸ್ ಎಂದಿದ್ದರೂ ಸರಿ.

ಕಾಂಪೌಂಡ್ ಒರಟು, ಆಳದ ಗೀರಿಗೆ. ಪಾಲಿಶ್ ಅದಕ್ಕಿಂತ ನುಣುಪು, ತೊಳೆಯುವಾಗ ಬಿದ್ದ ಬಲೆಯಂಥ ಸಣ್ಣ ಗೀರುಗಳಿಗೆ. ಮನೆಯ ಕೆಲಸಕ್ಕೆ ನೂರಕ್ಕೆ ತೊಂಬತ್ತು ಸಲ ಪಾಲಿಶ್ ಸಾಕು. ಕಾಂಪೌಂಡ್ ಬೇಕೇ ಎಂಬುದನ್ನು 5ನೇ ಹಂತದ ಪರೀಕ್ಷೆ ಹೇಳುತ್ತದೆ, ಅಲ್ಲಿಯವರೆಗೆ ಕೊಳ್ಳಬೇಡಿ.

ಕ್ಲೀನರ್ ವ್ಯಾಕ್ಸ್ ಅಥವಾ ಆಲ್-ಇನ್-ಒನ್ ಎಂಬುದರಲ್ಲಿ ಮೃದು ಉಜ್ಜುಪುಡಿಯೂ ಮೇಣವೂ ಕೂಡಿಯೇ ಇರುತ್ತವೆ. ಎರಡನ್ನೂ ಅರ್ಧರ್ಧ ಮಾಡುತ್ತದೆ. ಯಂತ್ರವಿಲ್ಲದೆ, ಒಂದೇ ದಿನದಲ್ಲಿ, ಮಂಕಾದ ಹಳೆಯ ಕಾರಿಗೆ ಜೀವ ತುಂಬಬೇಕಿದ್ದರೆ ಇದೇ ಬುದ್ಧಿವಂತಿಕೆಯ ಆಯ್ಕೆ.

ಕಾರ್ನೂಬಾ ಪೇಸ್ಟ್ ವ್ಯಾಕ್ಸ್ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣದ್ದು. ಗಾಢ ಬಣ್ಣಗಳ ಮೇಲೆ ಚೆಂದ, ಬಾಳಿಕೆ ಒಂದೆರಡು ತಿಂಗಳು. ಶುದ್ಧ ಕಾರ್ನೂಬಾ ಕಲ್ಲಿನಂತೆ ಗಟ್ಟಿ. ದ್ರಾವಕವನ್ನೂ ಮೆತ್ತನೆಯ ಬೇರೆ ಮೇಣವನ್ನೂ ಬೆರೆಸದೆ ಅದನ್ನು ಕೈಯಲ್ಲಿ ಬಳಿಯಲಾಗದು. "100% ಕಾರ್ನೂಬಾ" ಎಂದು ಬರೆದದ್ದು ಕಂಡರೆ ಅದು ಡಬ್ಬಿಯಲ್ಲಿರುವ ಕಾರ್ನೂಬಾದ ಬಗ್ಗೆ ಹೇಳಿದ್ದು, ಇಡೀ ಡಬ್ಬಿಯ ಬಗ್ಗೆ ಅಲ್ಲ. ಸಿಂಥೆಟಿಕ್ ಸೀಲಂಟ್, ಅಂದರೆ ಮೇಣದ ಬದಲು ಕೃತಕ ಪಾಲಿಮರ್‌ನಿಂದ ಮಾಡಿದ ಕಾವಲು ಲೇಪ, ನಾಲ್ಕರಿಂದ ಆರು ತಿಂಗಳು ಬರುತ್ತದೆ. ದಿನವೂ ಬಿಸಿಲಲ್ಲಿ ನಿಲ್ಲುವ ಕಾರಿಗೆ ಇದೇ ಸರಿ. ಸ್ಪ್ರೇ ವ್ಯಾಕ್ಸ್ ಕೆಲವೇ ವಾರಗಳದ್ದು. ಇದ್ದ ಪದರವನ್ನು ಚುರುಕಾಗಿಡಲು ಒಳ್ಳೆಯದು, ಒಂದೇ ಕಾವಲಾಗಿ ಸಾಲದು.

ಬಿಳಿ, ಬೆಳ್ಳಿ ಬಣ್ಣದ ಕಾರಿನಲ್ಲಿ ಸಣ್ಣ ಗೀರು ಕಾಣುವುದೇ ಕಷ್ಟ. ಪಾಲಿಶ್ ಮೇಲೆ ದುಡ್ಡು ಸುರಿಯದೆ ಒಳ್ಳೆಯ ಸೀಲಂಟ್ ಕೊಳ್ಳಿ. ಕಪ್ಪು ಕಾರಿನಲ್ಲಿ ಎಲ್ಲವೂ ಕಾಣುತ್ತದೆ, ನಿಮ್ಮ ಒರೆಸಿದ ಗುರುತೂ ಸೇರಿ. ಟೂತ್‌ಪೇಸ್ಟ್, ಪೀಠೋಪಕರಣದ ಪಾಲಿಶ್, ಅಡುಗೆ ಎಣ್ಣೆ ಇವುಗಳನ್ನು ಕಾರಿನ ಹತ್ತಿರಕ್ಕೂ ತರಬೇಡಿ.

ಜೊತೆಗೆ ಬೇಕಾದವು:

- ಬಕೆಟ್ 2, ಕಾರ್ ಶಾಂಪೂ, ಮೈಕ್ರೋಫೈಬರ್ ಕೈಗವಸು
- ಒರೆಸಲು 300–400 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಮೈಕ್ರೋಫೈಬರ್ ಬಟ್ಟೆ ಕನಿಷ್ಠ 8, ನೀರು ಹೀರಲು ದೊಡ್ಡ ಟವೆಲ್ 1
- ಕ್ಲೇ ಬಾರ್ (ಕಚ್ಚಿಕೊಂಡ ಕೊಳೆ ಎತ್ತುವ ಜೇಡಿಮಣ್ಣಿನಂಥ ಮೆತ್ತನೆಯ ಉಂಡೆ) ಮತ್ತು ಅದರ ಜಾರುದ್ರವ
- ಐರನ್ ರಿಮೂವರ್, ಡಾಂಬರು ತೆಗೆಯುವ ದ್ರವ
- ಕಡಿಮೆ ಅಂಟಿನ ಮಾಸ್ಕಿಂಗ್ ಟೇಪ್, ಪ್ರಖರ ಟಾರ್ಚ್, ಕೈಗೆ ದ್ರವ ತಾಗದಂತೆ ರಬ್ಬರ್ ಕೈಗವಸು
- ವ್ಯಾಕ್ಸ್ ಬಳಿಯಲು ಫೋಮ್ ಅಪ್ಲಿಕೇಟರ್ 2
- ಯಂತ್ರ ಬಳಸುವುದಾದರೆ ಡ್ಯುಯಲ್ ಆ್ಯಕ್ಷನ್ ಪಾಲಿಶರ್, ಫೋಮ್ ಪ್ಯಾಡ್ 3–4

ರೋಟರಿ ಯಂತ್ರ ಬೇಡ. ಅದು ಒಂದೇ ಅಕ್ಷದ ಮೇಲೆ ತಿರುಗಿ ಒಂದೇ ಜಾಗವನ್ನು ಬೇಗ ಕಾಯಿಸುತ್ತದೆ, ಪಳಗದ ಕೈಯಲ್ಲಿ ಬಣ್ಣ ಸುಡುತ್ತದೆ. ಡ್ಯುಯಲ್ ಆ್ಯಕ್ಷನ್ ತಿರುಗುತ್ತಲೇ ಅಲುಗಾಡುತ್ತದೆ. ಹೆಚ್ಚು ಒತ್ತಿದರೆ ತಿರುಗುವುದೇ ನಿಂತುಹೋಗುತ್ತದೆ. ಹೊಸಬರನ್ನು ಕಾಯುವುದು ಅದರ ಈ ಗುಣವೇ.

## ಹಂತ 1: ತೊಳೆಯುವುದು

ಕಾರು ನೆರಳಿನಲ್ಲಿರಲಿ, ಬಾನೆಟ್ ಮುಟ್ಟಿದರೆ ತಣ್ಣಗಿರಲಿ. ಚಕ್ರಗಳನ್ನು ಮೊದಲು ಮುಗಿಸಿ, ಅದಕ್ಕೆ ಬಳಸಿದ ಬಟ್ಟೆ, ಬ್ರಷ್ ಮತ್ತೆ ಬಣ್ಣಕ್ಕೆ ತಾಗದಿರಲಿ. ನೀರಿನ ಧಾರೆಯಿಂದ ಸಡಿಲ ಮಣ್ಣನ್ನೆಲ್ಲ ಇಳಿಸಿದ ಮೇಲಷ್ಟೇ ಕೈಗವಸು ಮುಟ್ಟಿಸಿ.

ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಪ್ರತಿ ಪ್ಯಾನೆಲ್ ಆದ ಮೇಲೆ ಬರೀ ನೀರಿನಲ್ಲಿ ಕೈಗವಸನ್ನು ಹಿಂಡಿ ಚೊಕ್ಕ ಮಾಡಿ, ಆಮೇಲೆ ಶಾಂಪೂಗೆ ಅದ್ದಿ. ಮೇಲಿನಿಂದ ಕೆಳಕ್ಕೆ, ನೇರ ಗೆರೆಯಲ್ಲಿ ಬನ್ನಿ. ಬಾಗಿಲ ಕೆಳಭಾಗ ಮತ್ತು ಹಿಂದಿನ ಬಂಪರ್ ಕೊನೆಗೆ, ಹೆಚ್ಚು ಮರಳು ಕೂರುವುದು ಅಲ್ಲೇ. ಕಾರಿನ ಮೇಲಿನ ಬಲೆಗೀರುಗಳಲ್ಲಿ ಬಹುಪಾಲು ಒಂದೇ ಬಕೆಟ್, ಒಂದೇ ಹಳೆ ಬನಿಯನ್ ಬಟ್ಟೆಯ ಕೊಡುಗೆ.

## ಹಂತ 2: ಕಚ್ಚಿಕೊಂಡ ಕೊಳೆ ಬಿಡಿಸುವುದು

ತೊಳೆದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಹಗುರವಾಗಿ ಸವರಿ. ಬರಿಗೈಗೆ ನುಣುಪೆನಿಸಿದ್ದು ಈಗ ಮರಳು ಕಾಗದದಂತೆ ತರತರ ಅಂದರೆ ಬ್ರೇಕಿನ ಕಬ್ಬಿಣದ ಪುಡಿ, ಡಾಂಬರು, ಮರದ ಅಂಟು ಬಣ್ಣಕ್ಕೆ ಕಚ್ಚಿಕೊಂಡಿವೆ ಎಂದರ್ಥ. ಈ ಹಂತ ಬಿಟ್ಟು ಪಾಲಿಶ್‌ಗೆ ಹಾರಿದರೆ ಆ ಪುಡಿಯೆಲ್ಲ ಪ್ಯಾಡಿಗೆ ಸೇರಿ ಹೊಸ ಗೀರು ಕೊರೆಯುತ್ತದೆ.

ಮೊದಲು ಐರನ್ ರಿಮೂವರ್ ಸಿಂಪಡಿಸಿ. ಕಬ್ಬಿಣವಿದ್ದ ಕಡೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಡಬ್ಬಿ ಹೇಳಿದ ನಿಮಿಷ ಮೀರದಂತೆ, ಒಣಗುವ ಮೊದಲೇ ಧಾರಾಳ ನೀರಿನಲ್ಲಿ ತೊಳೆಯಿರಿ. ವಾಸನೆ ಘಾಟು, ಗಾಳಿಯಾಡುವ ಕಡೆ ರಬ್ಬರ್ ಕೈಗವಸು ಹಾಕಿಯೇ ಮಾಡಿ. ಡಾಂಬರಿನ ಚುಕ್ಕೆಗೆ ಅದರದೇ ದ್ರವವನ್ನು ಬಟ್ಟೆಗೆ ಹಾಕಿ ಒಂದು ನಿಮಿಷ ಒತ್ತಿಹಿಡಿದು ಒರೆಸಿ, ಉಗುರಿನಿಂದ ಕೆರೆಯಬೇಡಿ.

ಆಮೇಲೆ ಕ್ಲೇ. ನಿಂಬೆ ಗಾತ್ರದ ಉಂಡೆಯನ್ನು ಮೂರು ಬೆರಳಗಲಕ್ಕೆ ಚಪ್ಪಟೆ ಮಾಡಿ. ಎರಡು ಅಡಿ ಚೌಕಕ್ಕೆ ಜಾರುದ್ರವ ಧಾರಾಳವಾಗಿ ಸಿಂಪಡಿಸಿ ನೇರ ಗೆರೆಯಲ್ಲಿ ಜಾರಿಸಿ. ಒತ್ತಡ ಬೇಡ, ಕೈಯ ಭಾರವೇ ಸಾಕು. ಮೊದಲು ತಡವರಿಸುವ ಕ್ಲೇ ನಾಲ್ಕೈದು ಸಲದಲ್ಲಿ ಸದ್ದಿಲ್ಲದೆ ಜಾರುತ್ತದೆ, ಅಲ್ಲಿಗೆ ಆ ಜಾಗ ಮುಗಿಯಿತು. ಕೊಳೆಯಾದ ಮುಖವನ್ನು ಒಳಕ್ಕೆ ಮಡಚಿ ಹೊಸ ಮುಖ ತೆಗೆಯಿರಿ.

ಕ್ಲೇ ನೆಲಕ್ಕೆ ಬಿದ್ದರೆ ಕಸಕ್ಕೆ ಹಾಕಿ. ತೊಳೆದು ಬಳಸುವ ಆಸೆ ಬೇಡ, ಅಂಟಿದ ಮರಳು ಅದರಿಂದ ಬಿಡುವುದಿಲ್ಲ.

## ಹಂತ 3: ಬಣ್ಣವನ್ನು ಓದುವುದು

ಕಾರನ್ನು ಪೂರ್ತಿ ಒಣಗಿಸಿ. ಟಾರ್ಚನ್ನು ಓರೆಯಾಗಿ ಹಿಡಿದು ಒಂದೊಂದೇ ಪ್ಯಾನೆಲ್ ನೋಡಿ. ಬೆಳಕಿನ ಸುತ್ತ ಜೇಡರ ಬಲೆಯಂತೆ ಕಂಡರೆ ಅದು ತೊಳೆಯುವಾಗ ಬಿದ್ದ ಗೀರು, ಪಾಲಿಶ್‌ಗೆ ಹೋಗುತ್ತದೆ. ಒಂಟಿ ಗೀರಿದ್ದರೆ ಅದಕ್ಕೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ. ಅದನ್ನು ಪೂರ್ತಿ ತೆಗೆಯಲು ಹೊರಟರೆ ಕ್ಲಿಯರ್ ಕೋಟೇ ಹೋಗುತ್ತದೆ. ಅಂಚು ಮೃದುವಾಗಿಸಿ ಕಣ್ಣಿಗೆ ಕಡಿಮೆ ಕಾಣುವಂತೆ ಮಾಡಿದರೆ ಸಾಕು.

ಕೆಲವು ಜಾಗಗಳನ್ನು ಪಾಲಿಶ್ ಮಾಡಲೇಬಾರದು. ಕ್ಲಿಯರ್ ಕೋಟ್ ಬೆಳ್ಳಗೆ ಸಿಪ್ಪೆ ಏಳುತ್ತಿದ್ದರೆ ಉಜ್ಜಿದಷ್ಟೂ ಸಿಪ್ಪೆ ಹರಡುತ್ತದೆ, ಅದಕ್ಕೆ ಮರುಬಣ್ಣವೊಂದೇ ದಾರಿ. ಇತ್ತೀಚೆಗೆ ಬಣ್ಣ ಹೊಡೆಸಿದ ಪ್ಯಾನೆಲ್ ಇದ್ದರೆ ದ್ರಾವಕ ಹೊರಹೋಗಲು ಸಮಯ ಬೇಕು. ಬಣ್ಣ ಹೊಡೆದವರನ್ನು ಕೇಳಿ, ಸಾಮಾನ್ಯವಾಗಿ 30ರಿಂದ 90 ದಿನ ವ್ಯಾಕ್ಸ್ ಬೇಡ ಎನ್ನುತ್ತಾರೆ.

ಹಳೆಯ ಕಾರಾದರೆ ಇನ್ನೊಂದು ಪರೀಕ್ಷೆ. ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಾಕಿ ಮೂಲೆಯಲ್ಲಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಬಂದರೆ ಅದು ಕ್ಲಿಯರ್ ಕೋಟ್ ಇಲ್ಲದ ಏಕಪದರದ ಬಣ್ಣ, ಅಂಥ ಕಾರಿನಲ್ಲಿ ಇದು ಸಹಜ. ಕ್ಲಿಯರ್ ಕೋಟ್ ಇದೆಯೆಂದು ಖಚಿತವಿರುವ ಕಾರಿನಲ್ಲಿ ಬಣ್ಣ ಬಂದರೆ ತಕ್ಷಣ ನಿಲ್ಲಿಸಿ, ಅಲ್ಲಿ ಕಾಯುವ ಪದರ ಮುಗಿದಿದೆ.

ಗೀರೇ ಕಾಣದಿದ್ದರೆ ನೇರವಾಗಿ 8ನೇ ಹಂತಕ್ಕೆ ಹೋಗಿ. ಹೊಸ ಕಾರಿಗೆ ಪಾಲಿಶ್ ಬೇಕೇ ಎಂದು ಕೇಳುವವರಿಗೆ ಉತ್ತರವೂ ಇದೇ.

## ಹಂತ 4: ಟೇಪ್ ಹಚ್ಚುವುದು

ಕಪ್ಪು ಪ್ಲಾಸ್ಟಿಕ್, ಗಾಜಿನ ಸುತ್ತಲ ರಬ್ಬರ್, ಲೋಗೋ, ಬಾನೆಟ್ ಮತ್ತು ಬಾಗಿಲಿನ ಚೂಪು ಅಂಚುಗಳು ಇವೆಲ್ಲಕ್ಕೂ ಟೇಪ್. ಅಂಚುಗಳಲ್ಲಿ ಬಣ್ಣ ತೆಳ್ಳಗಿರುತ್ತದೆ, ಪ್ಯಾಡಿನ ಒತ್ತಡ ಪೂರ್ತಿ ಅಲ್ಲೇ ಬೀಳುತ್ತದೆ. ಬಣ್ಣ ಸುಡುವುದು ಹೆಚ್ಚಾಗಿ ಇಂಥ ಕಡೆಯೇ. ಅರ್ಧ ಗಂಟೆ ಹಿಡಿಯುವ ಈ ಕೆಲಸವನ್ನು ಬಿಟ್ಟವರು ಆಮೇಲೆ ಬಿಳಿ ಕಲೆ ತೆಗೆಯಲು ಅರ್ಧ ದಿನ ಕೂರುತ್ತಾರೆ.

## ಹಂತ 5: ಒಂದು ಚೌಕದಲ್ಲಿ ಪರೀಕ್ಷೆ

ಇಡೀ ಕಾರಿಗೆ ಕೈಹಾಕುವ ಮೊದಲು ಬಾನೆಟ್ ಮೇಲೆ ಒಂದೂವರೆ ಅಡಿ ಚೌಕವನ್ನು ಟೇಪಿನಿಂದ ಗುರುತಿಸಿ. ಅತಿ ನುಣುಪಾದ ಪಾಲಿಶ್, ಅತಿ ಮೆತ್ತನೆಯ ಪ್ಯಾಡಿನಿಂದ ಶುರುಮಾಡಿ. ಒರೆಸಿ ಟಾರ್ಚಿನಲ್ಲಿ ನೋಡಿ. ಗೀರು ಹೋಗಿದ್ದರೆ ಆಯಿತು, ಇಡೀ ಕಾರಿಗೆ ಅದೇ ಸಾಕು. ಹೋಗದಿದ್ದರೆ ಪಾಲಿಶ್ ಅದೇ ಇರಲಿ, ಪ್ಯಾಡ್ ಮಾತ್ರ ಒಂದು ಮಟ್ಟ ಗಟ್ಟಿಯದಾಗಲಿ. ಅದಕ್ಕೂ ಬಗ್ಗದಿದ್ದರಷ್ಟೇ ಕಾಂಪೌಂಡ್.

ಎಲ್ಲ ಗೀರೂ ಹೋಗಬೇಕೆಂಬ ಹಟ ಬೇಡ. ನೂರರಲ್ಲಿ ಎಂಬತ್ತು ಹೋದರೆ ನಾಲ್ಕು ಹೆಜ್ಜೆ ದೂರದಿಂದ ಕಾರು ಹೊಸದರಂತೆ ಕಾಣುತ್ತದೆ. ಉಳಿದ ಇಪ್ಪತ್ತನ್ನು ತೆಗೆಯಲು ತೇಯುವ ಕ್ಲಿಯರ್ ಕೋಟ್ ಮುಂದೊಂದು ದಿನ ಬೇಕಾಗುತ್ತದೆ.

## ಹಂತ 6: ಪಾಲಿಶ್

ಯಂತ್ರದಲ್ಲಿ. ಹೊಸ ಪ್ಯಾಡಿಗೆ ಮೊದಲ ಸಲ ತೆಳ್ಳಗೆ ಪಾಲಿಶ್ ಸವರಿ ಮುಖವೆಲ್ಲ ತೇವ ಮಾಡಿ. ಆಮೇಲೆ ಪ್ರತಿ ಚೌಕಕ್ಕೆ ಬಟಾಣಿ ಗಾತ್ರದ 3–4 ಹನಿ, ಅಷ್ಟೇ. ಯಂತ್ರ ಚಾಲೂ ಮಾಡುವ ಮೊದಲೇ ಪ್ಯಾಡನ್ನು ಬಣ್ಣಕ್ಕೆ ಒತ್ತಿ ಹನಿಗಳನ್ನು ಅಲ್ಲಲ್ಲಿ ಮುಟ್ಟಿಸಿ, ಇಲ್ಲವಾದರೆ ಗೋಡೆಗೂ ಪಾಲಿಶ್ ಆಗುತ್ತದೆ. ವೇಗ 1–2ರಲ್ಲಿ ಎರಡು ಅಡಿ ಚೌಕಕ್ಕೆ ಹರಡಿ, 4–5ಕ್ಕೆ ಏರಿಸಿ.

ಕೈ ನಿಧಾನವಿರಲಿ, ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರ್. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚಲಿ. ಒಮ್ಮೆ ಅಡ್ಡ, ಒಮ್ಮೆ ಉದ್ದ ಹೋದರೆ ಒಂದು ಸುತ್ತು. ಹೀಗೆ ಮೂರು ಸುತ್ತು ಸಾಕು. ಪ್ಯಾಡ್ ಮಟ್ಟಸವಾಗಿ ಕೂತಿರಬೇಕು. ಪ್ಯಾಡಿನ ಹಿಂಬದಿಯ ತಟ್ಟೆಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಟ್ಟುಕೊಂಡರೆ ಅದು ತಿರುಗುತ್ತಿದೆಯೇ, ಬರೀ ಅದುರುತ್ತಿದೆಯೇ ಎಂಬುದು ಕಣ್ಣಿಗೇ ಗೊತ್ತಾಗುತ್ತದೆ. ತಿರುಗುವುದು ನಿಂತರೆ ಒತ್ತಡ ಕಡಿಮೆ ಮಾಡಿ.

ಪ್ರತಿ ಚೌಕದ ನಂತರ ಒಣ ಬ್ರಷ್‌ನಿಂದ ಪ್ಯಾಡ್ ಚೊಕ್ಕ ಮಾಡಿ. ಎರಡು ಮೂರು ಪ್ಯಾನೆಲ್‌ಗೊಮ್ಮೆ ಪ್ಯಾಡನ್ನೇ ಬದಲಿಸಿ. ಒದ್ದೆಯಾಗಿ, ಬಿಸಿಯಾಗಿ, ಪುಡಿ ತುಂಬಿದ ಪ್ಯಾಡ್ ಗೀರು ತೆಗೆಯುವುದಿಲ್ಲ, ಮಬ್ಬು ಹುಟ್ಟಿಸುತ್ತದೆ.

ಕೈಯಲ್ಲಿ. ಒಂದು ಅಡಿ ಚೌಕ, ಎರಡು ಹನಿ, ಫೋಮ್ ಅಪ್ಲಿಕೇಟರ್. ಮೂವತ್ತು ನಲವತ್ತು ಸಲ ದೃಢವಾದ ಒತ್ತಡದಲ್ಲಿ ಅಡ್ಡ ಮತ್ತು ಉದ್ದಕ್ಕೆ ಉಜ್ಜಿ, ಪಾಲಿಶ್ ತೆಳು ಪಸೆಯಾದಾಗ ಒರೆಸಿ. ಮಂಕು ಹೋಗುತ್ತದೆ, ಬಲೆಗೀರು ಒಂದಿಷ್ಟು ಕಡಿಮೆಯಾಗುತ್ತದೆ. ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಇವು ಕಂಡರೆ ಕೈ ನಿಲ್ಲಿಸಿ:

- ಬಣ್ಣದ ಮೇಲೆ ಕೈಯಿಡಲಾಗದಷ್ಟು ಬಿಸಿ. ಬೆಚ್ಚಗಿದ್ದರೆ ಪರವಾಗಿಲ್ಲ. ಪ್ಲಾಸ್ಟಿಕ್ ಬಂಪರ್ ಶಾಖವನ್ನು ಹರಡದೆ ಹಿಡಿದಿಡುತ್ತದೆ. ಅಲ್ಲಿ ವೇಗ, ಒತ್ತಡ, ಸುತ್ತು ಎಲ್ಲ ಕಡಿಮೆ.
- ಬಿಳಿ ಪುಡಿ ಹಾರುವುದು. ಪಾಲಿಶ್ ಒಣಗಿದ ಮೇಲೂ ಉಜ್ಜುತ್ತಿದ್ದೀರಿ, ಇಲ್ಲವೇ ಪ್ಯಾಡ್ ತುಂಬಿದೆ.
- ಪ್ಯಾಡಿಗೆ ಕಾರಿನ ಬಣ್ಣ ಅಂಟುವುದು. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಇದು ಕೆಂಪು ದೀಪ.
- ಒಂದು ಜಾಗ ಮಾತ್ರ ಮಂಕಾಗಿ, ಅಂಚು ಕಟ್ಟಿದಂತೆ ಕಾಣುವುದು. ಒರೆಸಿದರೆ ಹೋಗದಿದ್ದರೆ ಅಲ್ಲಿ ಪದರ ತೂತಾಗಿರಬಹುದು. ಮತ್ತೆ ಉಜ್ಜಿ ಸರಿಮಾಡಲು ಹೋಗಬೇಡಿ.

ಕಾಂಪೌಂಡ್ ಬಳಸಿದ್ದರೆ ಅದು ಬಿಟ್ಟ ನವಿರು ಮಬ್ಬನ್ನು ತೆಗೆಯಲು ಮೆತ್ತನೆಯ ಪ್ಯಾಡಿನಲ್ಲಿ ನುಣುಪು ಪಾಲಿಶ್ ಮತ್ತೊಮ್ಮೆ ಆಗಲೇಬೇಕು. ಕಪ್ಪು ಕಾರಿನಲ್ಲಿ ಇದನ್ನು ಬಿಟ್ಟರೆ ಬಿಸಿಲಲ್ಲಿ ಹೊಗೆ ಕವಿದಂತೆ ಕಾಣುತ್ತದೆ.

## ಹಂತ 7: ಎಣ್ಣೆ ಒರೆಸಿ ನಿಜ ನೋಡುವುದು

"ಎರಡು ತೊಳೆತಕ್ಕೆ ಗೀರು ವಾಪಸ್ ಬಂತು" ಎಂಬ ದೂರಿನ ಮೂಲ ಇಲ್ಲಿದೆ. ಅನೇಕ ಪಾಲಿಶ್‌ಗಳಲ್ಲಿ ಎಣ್ಣೆಯಿರುತ್ತದೆ. ಅದು ಗೀರಿನೊಳಗೆ ತುಂಬಿ ಹೋದಂತೆ ತೋರಿಸುತ್ತದೆ, ಶಾಂಪೂ ತಾಗಿದಂತೆ ಇಳಿದುಹೋಗುತ್ತದೆ. ಗೀರು ವಾಪಸ್ ಬಂದದ್ದಲ್ಲ, ಹೋಗಿಯೇ ಇರಲಿಲ್ಲ.

ಐಸೊಪ್ರೊಪೈಲ್ ಆಲ್ಕೊಹಾಲನ್ನು ನೀರಿನಲ್ಲಿ ಬೆರೆಸಿ 10–15% ಮಾಡಿಕೊಳ್ಳಿ. ತಣ್ಣಗಿನ ಬಣ್ಣಕ್ಕೆ ಸಿಂಪಡಿಸಿ, ಚೊಕ್ಕ ಮೈಕ್ರೋಫೈಬರ್‌ನಲ್ಲಿ ಹಗುರವಾಗಿ ಒರೆಸಿ, ಟಾರ್ಚ್ ಹಿಡಿಯಿರಿ. ಈಗ ಕಂಡದ್ದೇ ನಿಜ. ಸೀಲಂಟ್ ಹಚ್ಚುವವರಿಗೆ ಈ ಹಂತ ಕಡ್ಡಾಯ, ಎಣ್ಣೆಯ ಮೇಲೆ ಅದು ಹಿಡಿಯುವುದಿಲ್ಲ. ಕ್ಲೀನರ್ ವ್ಯಾಕ್ಸ್ ಬಳಸಿದವರು ಮಾತ್ರ ಹೀಗೆ ಒರೆಸಬಾರದು, ಆಗಷ್ಟೇ ಹಚ್ಚಿದ ಮೇಣವೂ ಹೋದೀತು. ಪರೀಕ್ಷಾ ಚೌಕದಲ್ಲೂ ಈ ಒರೆಸುವಿಕೆ ಮಾಡಿಯೇ ತೀರ್ಮಾನಕ್ಕೆ ಬನ್ನಿ.

## ಹಂತ 8: ವ್ಯಾಕ್ಸ್ ಅಥವಾ ಸೀಲಂಟ್

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ದಪ್ಪ. ಬಣ್ಣಕ್ಕೆ ಹಿಡಿಯುವುದು ತೀರಾ ತೆಳು ಪದರ ಮಾತ್ರ, ಉಳಿದದ್ದೆಲ್ಲ ನಿಮ್ಮ ಒರೆಸುವ ಬಟ್ಟೆಗೆ ಹೋಗುತ್ತದೆ. ಅದೂ ಸುಲಭವಾಗಿ ಹೋಗದೆ ಪಟ್ಟೆಪಟ್ಟೆಯಾಗಿ ಉಳಿಯುತ್ತದೆ. ಹಚ್ಚಿದ್ದು ಕಂಡೂ ಕಾಣದ ಮಂಜಿನಷ್ಟಿದ್ದರೆ ಸರಿ.

ಅಪ್ಲಿಕೇಟರ್ ಅನ್ನು ಪೇಸ್ಟಿನ ಮೇಲೆ ಒಂದೇ ಒಂದು ಸಲ ಅರ್ಧ ಸುತ್ತು ತಿರುಗಿಸಿ, ಅಷ್ಟರಲ್ಲಿ ಅರ್ಧ ಬಾನೆಟ್ ಆಗುತ್ತದೆ. ದ್ರವವಾದರೆ ಒಂದು ಬಾಗಿಲಿಗೆ ಎರಡು ಮೂರು ಹನಿ. ಎರಡು ಪ್ಯಾನೆಲ್‌ಗಿಂತ ಹೆಚ್ಚು ಒಮ್ಮೆಗೇ ಬಳಿಯಬೇಡಿ. ಬಿಸಿ ಲೋಹದ ಮೇಲಂತೂ ಬೇಡವೇ ಬೇಡ, ದ್ರಾವಕ ಆರಿ ವ್ಯಾಕ್ಸ್ ಗಟ್ಟಿಕಟ್ಟುತ್ತದೆ.

ಯಾವಾಗ ಒರೆಸಬೇಕೆಂದು ಗಡಿಯಾರಕ್ಕಿಂತ ಬೆರಳು ಚೆನ್ನಾಗಿ ಹೇಳುತ್ತದೆ. ಹಚ್ಚಿದ ಕಡೆ ಬೆರಳಿಂದ ಒಂದು ಗೆರೆ ಎಳೆಯಿರಿ. ಗೆರೆ ಚೊಕ್ಕವಾಗಿ ಹೊಳೆದರೆ ಒರೆಸುವ ಹೊತ್ತು. ಜಿಡ್ಡಾಗಿ ಹರಡಿಕೊಂಡರೆ ಇನ್ನೂ ಕಾಯಬೇಕು. ಹಚ್ಚಿದ ಕೂಡಲೇ ಒರೆಸಿ ಎಂದು ಡಬ್ಬಿಯೇ ಹೇಳಿದ್ದರೆ ಅದನ್ನು ಪಾಲಿಸಿ. ಒರೆಸಲು ಎರಡು ಬಟ್ಟೆ: ಮೊದಲನೆಯದು ಮೇಲಿನ ಪುಡಿ ಎತ್ತಲು, ಎರಡನೆಯದು ಉಳಿದ ಮಬ್ಬಿಗೆ. ಬಟ್ಟೆಯನ್ನು ನಾಲ್ಕಾಗಿ ಮಡಚಿ, ಮುಖ ಬದಲಿಸುತ್ತಿರಿ.

ಪಟ್ಟೆ ಉಳಿದರೆ ಒತ್ತಿ ಉಜ್ಜಬೇಡಿ. ಅದೇ ವ್ಯಾಕ್ಸನ್ನು ಆ ಜಾಗಕ್ಕೆ ಮತ್ತೆ ತೆಳ್ಳಗೆ ಬಳಿದು ತಕ್ಷಣ ಒರೆಸಿದರೆ ಹಳೆಯದು ಕರಗಿ ಹೊರಬರುತ್ತದೆ.

ಎರಡನೇ ಪದರ ಹೊಳಪು ಹೆಚ್ಚಿಸುವುದಕ್ಕಿಂತ ಮೊದಲ ಸಲ ತಪ್ಪಿಹೋದ ಜಾಗ ಮುಚ್ಚಲು ಉಪಯೋಗ. 12ರಿಂದ 24 ಗಂಟೆ ಬಿಟ್ಟು ಹಚ್ಚಿ. ಸೀಲಂಟ್ ಮೇಲೆ ವ್ಯಾಕ್ಸ್ ಹಚ್ಚಬಹುದು, ವ್ಯಾಕ್ಸ್ ಮೇಲೆ ಸೀಲಂಟ್ ಹಿಡಿಯುವುದಿಲ್ಲ. ಮುಂಗಾಜಿಗೆ ಬಣ್ಣದ ವ್ಯಾಕ್ಸ್ ಬೇಡ, ಮಳೆಯಲ್ಲಿ ವೈಪರ್ ಓಡಿದಾಗ ಜಿಡ್ಡು ಹರಡಿ ರಸ್ತೆಯೇ ಕಾಣದು.

ಟೇಪ್ ಜಾರಿ ಕಪ್ಪು ಪ್ಲಾಸ್ಟಿಕ್‌ಗೆ ವ್ಯಾಕ್ಸ್ ತಾಗಿದ್ದರೆ ಒಣಗುವ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣಗಿದ್ದರೆ ಪ್ಲಾಸ್ಟಿಕ್ ತೊಳೆಯುವ ಕ್ಲೀನರ್ ಹಾಕಿ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ಪೆನ್ಸಿಲ್ ಅಳಿಸುವ ರಬ್ಬರ್ ಕೂಡ ಸಣ್ಣ ಕಲೆಗೆ ಕೆಲಸ ಮಾಡುತ್ತದೆ.

## ಹಂತ 9: ಆಮೇಲಿನ ದಿನಗಳು

ಮೊದಲ ಒಂದು ದಿನ ನೀರು ತಾಗದಿದ್ದರೆ ಒಳ್ಳೆಯದು, ಸೀಲಂಟ್ ಆಗಿದ್ದರೆ ಅವಶ್ಯ. ಪಕ್ಷಿ ಹಿಕ್ಕೆಯನ್ನು ವ್ಯಾಕ್ಸ್ ತಡೆಯುವುದಿಲ್ಲ, ನಿಮಗೆ ಕೆಲವು ಗಂಟೆಗಳ ಅವಕಾಶ ಕೊಡುತ್ತದೆ ಅಷ್ಟೇ. ಕಂಡ ದಿನವೇ ನೀರಿನಲ್ಲಿ ನೆನೆಸಿ ಎತ್ತಿ ತೆಗೆಯಿರಿ, ಒಣಗಿದ್ದನ್ನು ಉಜ್ಜಬೇಡಿ.

ನೀರು ಮುತ್ತು ಕಟ್ಟುವುದು ನಿಂತ ಕೂಡಲೇ ವ್ಯಾಕ್ಸ್ ಮುಗಿಯಿತು ಎನ್ನಬೇಡಿ. ಮೇಲೆ ಧೂಳಿನ ಪೊರೆ ಕೂತರೂ ಮುತ್ತು ಕಟ್ಟುವುದಿಲ್ಲ. ಚೆನ್ನಾಗಿ ತೊಳೆದು ಮತ್ತೆ ನೀರು ಚಿಮುಕಿಸಿ ನೋಡಿ. ಆಗಲೂ ನೀರು ಹಾಳೆಯಂತೆ ಮಲಗಿದರೆ ಮತ್ತೆ ಹಚ್ಚುವ ಹೊತ್ತು. ಬಾನೆಟ್, ಟಾಪ್, ಡಿಕ್ಕಿಯ ಮೇಲ್ಭಾಗಕ್ಕೆ ಬಿಸಿಲು ನೇರ ಬೀಳುವುದರಿಂದ ಅಲ್ಲಿ ಮೊದಲು ಸವೆಯುತ್ತದೆ, ಆ ಮೂರಕ್ಕಷ್ಟೇ ನಡುವೆ ಒಮ್ಮೆ ಹಚ್ಚಿದರೂ ನಡೆಯುತ್ತದೆ.

ಬಟ್ಟೆಗಳನ್ನು ಬೇರೆ ಒಗೆತದ ಜೊತೆ ಸೇರಿಸದೆ, ದ್ರವ ಸೋಪಿನಲ್ಲಿ ಒಗೆಯಿರಿ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದರೆ ಎಳೆಗಳಿಗೆ ಅದರ ಪೊರೆ ಅಂಟಿ ಗಾಜಿನ ಮೇಲೂ ಬಣ್ಣದ ಮೇಲೂ ಗೆರೆ ಬಿಡುತ್ತವೆ. ಪಾಲಿಶ್ ಒರೆಸಿದ್ದು, ವ್ಯಾಕ್ಸ್ ಒರೆಸಿದ್ದು, ಚಕ್ರಕ್ಕೆ ಬಳಸಿದ್ದು ಮೂರನ್ನೂ ಬೇರೆಬೇರೆ ಬಣ್ಣದ ಬಟ್ಟೆಯಾಗಿ ಕೊಂಡರೆ ಮುಂದಿನ ಸಲ ಯಾವುದು ಯಾವುದಕ್ಕೆಂದು ಹುಡುಕಬೇಕಾಗಿಲ್ಲ.